ಹಗ್ಗ ಹಿಡಿದವನು

ಬೋರಲಿಂಗಯ್ಯ ಒಂದು ಸಲ ಹೆಜ್ಜೇನು ಕೊಯ್ದಾಗ ತುಪ್ಪ ಬಂಡೆಯಿಂದ ಧಾರೆಯಾಗಿ ಇಳಿದು ಹಳ್ಳ ಸೇರಿತು, ಹಳ್ಳದಿಂದ ಅರ್ಕಾವತಿ ಸೇರಿತು, ಕನಕಪುರದ ಹೋಟೆಲುಗಳಲ್ಲಿ ಮೂರು ದಿನ ಯಾರೂ ಟೀಗೆ ಸಕ್ಕರೆ ಹಾಕಲಿಲ್ಲ. ಆ ವಾಸನೆ ಹಿಡಿದು ಹೊರಟ ಕರಡಿಯೊಂದು ಸಂಗಮದವರೆಗೂ ನದಿ ನೆಕ್ಕುತ್ತ ಹೋಗಿ, ಹೊಟ್ಟೆ ಭಾರವಾಗಿ ನಡೆಯಲಾರದೆ, ಸಂಜೆ ಬಸ್ಸಿಗೆ ವಾಪಸು ಬಂತು.

ಇದನ್ನು ಅವನು ಕೈಲಾಂಚದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಿದ್ದ. ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೊರಟವರು, ಬಿಡದಿಯ ಫ್ಯಾಕ್ಟರಿಗಳಿಗೆ ವಾಚ್‌ಮನ್ ಕೆಲಸಕ್ಕೆ ಹೋಗುವವರು ಬಸ್ಸು ಬರುವ ತನಕ ಕೇಳುತ್ತಿದ್ದರು. ನಂಬುವವರು ಯಾರೂ ಇರಲಿಲ್ಲ.

"ಕರಡಿಗೆ ಸೀಟ್ ಸಿಕ್ತಾ ಬೋರಣ್ಣ?"

"ಲೇಡೀಸ್ ಸೀಟು ಕಣ್ಲಾ. ಅದು ಹೆಣ್ ಕರಡಿ."

ಕರಡಿಯ ಮಾತು ಹಾಗಿರಲಿ, ಬೋರಲಿಂಗಯ್ಯ ಹೆಜ್ಜೇನು ಕೊಯ್ದದ್ದೇ ಸುಳ್ಳು. ಕೊಯ್ಯುತ್ತಿದ್ದವನು ಅಂಕಯ್ಯ.

ಇಬ್ಬರೂ ಇರುಳಿಗರು, ಕಾಡಿನ ಜನ. ಅವರ ಅಪ್ಪಂದಿರ ಕಾಲದಲ್ಲಿ ಅರಣ್ಯ ಇಲಾಖೆಯವರು ಕಾಡಿನೊಳಗಿನ ಗುಡಿಸಲುಗಳನ್ನು ಎಬ್ಬಿಸಿ ಎಲ್ಲರನ್ನೂ ರಸ್ತೆ ಪಕ್ಕಕ್ಕೆ ತಂದು ಕೂರಿಸಿದ ಮೇಲೆ ಹುಟ್ಟಿದ ಊರು ಬಂಡೇದೊಡ್ಡಿ. ಊರಿನ ಬೆನ್ನಿಗೆ ಜೇನುಬಂಡೆ. ಅದರ ಎತ್ತರ ಎಷ್ಟೆಂದರೆ, ಬೋರಲಿಂಗಯ್ಯನ ಪ್ರಕಾರ, ನೆತ್ತಿಯಿಂದ ಒಂದು ಕಲ್ಲು ಉರುಳಿಸಿ ಮುದ್ದೆ ಉಂಡು ಎಲೆ ಅಡಿಕೆ ಹಾಕಿಕೊಂಡು ಕೂತರೆ ಆಮೇಲೆ ಅದು ಬಿದ್ದ ಸದ್ದು ಕೇಳುತ್ತದೆ. ಕಾಡು ಬಿಟ್ಟು ಬಂದರೂ ಬಂಡೆಗೆ ಇಳಿಯುವುದನ್ನು ಇವರು ಬಿಟ್ಟಿರಲಿಲ್ಲ. ನೆತ್ತಿಯ ಮೇಲಿನ ಬಸರಿ ಮರಕ್ಕೆ ನೂಲೇಣಿ ಕಟ್ಟಿ ಕೆಳಕ್ಕೆ ಬಿಡುವುದು. ಇಳಿಯುವವನ ಸೊಂಟಕ್ಕೆ ಇನ್ನೊಂದು ಹಗ್ಗ. ಆ ಸೊಂಟದ ಹಗ್ಗವನ್ನು ಒಡಹುಟ್ಟಿದವರು ಹಿಡಿಯುವಂತಿಲ್ಲ. ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳ ಇದ್ದೀತು, ತನ್ನ ತಂಗಿಗೆ ತಾಳಿ ಕಟ್ಟಿದವನನ್ನು ಯಾರು ತಾನೇ ಕೈಬಿಟ್ಟಾರು?

ಇವರದು ಕೊಟ್ಟು ತಂದ ಸಂಬಂಧ. ಅಂಕಯ್ಯನ ತಂಗಿ ಚಿಕ್ಕಲಕ್ಷ್ಮಮ್ಮ ಬೋರಲಿಂಗಯ್ಯನಿಗೆ, ಬೋರಲಿಂಗಯ್ಯನ ತಂಗಿ ಸಿದ್ದಮ್ಮ ಅಂಕಯ್ಯನಿಗೆ. ಇಬ್ಬರೂ ಒಬ್ಬರಿಗೊಬ್ಬರು ಬಾವ. ಯಾರು ಬೇಕಾದರೂ ಇಳಿಯಬಹುದಿತ್ತು, ಯಾರು ಬೇಕಾದರೂ ಹಿಡಿಯಬಹುದಿತ್ತು. ಮದುವೆಯಾದ ವರ್ಷ ಬೋರಲಿಂಗಯ್ಯ ಬಂಡೆಯ ಅಂಚಿಗೆ ಹೋಗಿ ಒಮ್ಮೆ ಕೆಳಗೆ ನೋಡಿದ. ಆವತ್ತಿನಿಂದ ಹಗ್ಗ ಹಿಡಿಯುವ ಕೆಲಸ ಅವನದೇ ಆಯಿತು.

ಮಾತಾಡಲು ಬರುವವನು ಮೇಲೆ ನಿಂತ, ಮಾತೇ ಆಡದವನು ಕೆಳಗಿಳಿದ. ಹೆಸರೆಲ್ಲ ಕೆಳಗಿಳಿದವನಿಗೆ ಹೋಯಿತು. ಸುತ್ತಮುತ್ತ ಎಲ್ಲ ಕಡೆ ಅದು "ಅಂಕಯ್ಯನ ತುಪ್ಪ". ಮನೆಯಲ್ಲೂ ಚಿಕ್ಕಲಕ್ಷ್ಮಮ್ಮ ರೊಟ್ಟಿಗೆ ತುಪ್ಪ ಸುರಿಯುತ್ತ "ನಮ್ಮಣ್ಣ ಕುಯ್ದದ್ದು, ಒಸಿ ಜಾಸ್ತಿ ಹಾಕ್ಕೋ" ಎನ್ನುತ್ತಿದ್ದಳು. ಆ ರೊಟ್ಟಿ ಬೋರಲಿಂಗಯ್ಯನಿಗೆ ಬೇವಿನ ಹಿಂಡಿಯಂತಾಗುತ್ತಿತ್ತು. ಅದು ಸಾಲದೆಂಬಂತೆ ಬೆಂಗಳೂರಿನಿಂದ ಬಂದ ಯಾರೋ ಕ್ಯಾಮೆರಾದವರು ಅಂಕಯ್ಯ ನೂಲೇಣಿಯಲ್ಲಿ ನೇತಾಡುವ ಫೋಟೋ ತೆಗೆದು ಪೇಪರಿಗೆ ಹಾಕಿದರು. ಫೋಟೋದಲ್ಲಿ ಆಕಾಶ ಇತ್ತು, ಬಂಡೆ ಇತ್ತು, ಅಂಕಯ್ಯನ ಎರಡು ಅಂಗಾಲುಗಳೂ ಇದ್ದವು. ಮೇಲೆ ಹಗ್ಗ ಹಿಡಿದವನ ಒಂದು ಬೆರಳೂ ಇರಲಿಲ್ಲ. ಚಿಕ್ಕಲಕ್ಷ್ಮಮ್ಮ ಅದನ್ನು ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸಿದಳು. ಗಂಡ ಊಟಕ್ಕೆ ಕೂರುವ ಜಾಗದ ಎದುರಿಗೇ. ಆಗ ಅವನ ಹೊಟ್ಟೆಯಲ್ಲಿ ಎದ್ದ ಕಿಚ್ಚಿನ ಮೇಲೆ ಹಂಡೆ ಇಟ್ಟಿದ್ದರೆ ಇಡೀ ದೊಡ್ಡಿಗೆ ಯುಗಾದಿ ಸ್ನಾನದ ನೀರು ಕಾಯುತ್ತಿತ್ತು.

ಆ ಹೊತ್ತಿಗೆ ಪಕ್ಕದ ಗುಡ್ಡಕ್ಕೆ ಕಲ್ಲು ಕ್ವಾರಿ ಬಂದಿತ್ತು. ಮಧ್ಯಾಹ್ನವಾದರೆ ಸಿಡಿಮದ್ದು. ಒಂದೊಂದು ಸಿಡಿತಕ್ಕೂ ದೊಡ್ಡಿಯ ಕೋಳಿಗಳು ಒಂದು ತಿಂಗಳ ಮೊಟ್ಟೆಯನ್ನು ಒಟ್ಟಿಗೇ ಇಡುತ್ತಿದ್ದವು ಎಂದು ಬೋರಲಿಂಗಯ್ಯ ಹೇಳುತ್ತಿದ್ದ. ಗುಡ್ಡ ಅರ್ಧ ಮುಗಿದಿತ್ತು, ಕ್ವಾರಿಯವರ ಕಣ್ಣು ಜೇನುಬಂಡೆಯ ಮೇಲೆ ಬಿದ್ದಿತ್ತು. ಅದೇ ಸಮಯಕ್ಕೆ ಅರಣ್ಯ ಹಕ್ಕಿನ ಕಾಯ್ದೆ ಬಂತು. ಈ ಬಂಡೆಯಲ್ಲಿ ಜೇನು ಕೊಯ್ಯುವುದು ಇರುಳಿಗರ ಹಕ್ಕು ಎಂದು ದಾಖಲಾದರೆ ಬಂಡೆ ಉಳಿಯುತ್ತದೆ. ಇಲ್ಲದಿದ್ದರೆ ಚಪ್ಪಡಿ ಚಪ್ಪಡಿಯಾಗಿ ಲಾರಿ ಹತ್ತುತ್ತದೆ. ದೊಡ್ಡಿಯವರು ಸಭೆ ಸೇರಿ ಹಕ್ಕು ಸಮಿತಿ ಮಾಡಿದರು. ಅಧ್ಯಕ್ಷ ಅಂಕಯ್ಯ.

"ಬಾಯೇ ಬುಡ್ದೋನ್ನ ಅಧ್ಯಕ್ಷ ಮಾಡವ್ರಲ್ಲ," ಎಂದ ಬೋರಲಿಂಗಯ್ಯ ಮನೆಯಲ್ಲಿ. "ಆಫೀಸರು ಬಂದ್ರೆ ಇವ್ನೇನು ತಲೆ ಅಲ್ಲಾಡಿಸ್ತಾನಾ?"

"ಮಾತಾಡಾಕೆ ನೀನಿದ್ದೀಯಲ್ಲ," ಎಂದಳು ಚಿಕ್ಕಲಕ್ಷ್ಮಮ್ಮ. "ಅಣ್ಣನೇ ಹೇಳ್ತು, ಬಾವ ಮಾತಾಡ್ಲಿ ಅಂತ."

ಆಷಾಢದ ಗಾಳಿ ಜೋರಾಗಿದ್ದ ಒಂದು ಬೆಳಿಗ್ಗೆ ಅಧಿಕಾರಿಗಳು ಬಂಡೆಯ ನೆತ್ತಿಗೆ ಹತ್ತಿ ಬಂದರು. ಸಮಾಜ ಕಲ್ಯಾಣದ ಪ್ರತಿಮಾ ಮೇಡಮ್, ಜತೆಗೆ ಅರಣ್ಯದ ರೇಂಜರ್. ದೊಡ್ಡಿಗೆ ದೊಡ್ಡಿಯೇ ಹಿಂದೆ ಬಂದಿತ್ತು. ಜೇನು ಆಗಲೇ ಎದ್ದು ಹೋಗಿತ್ತು. ಬಂಡೆಯ ಮೈಗೆ ಒಣಗಿದ ಹುಟ್ಟುಗಳಷ್ಟೇ ಅಂಟಿಕೊಂಡಿದ್ದವು.

"ಇವರೆಲ್ಲ ಈಗ ಕೂಲಿಗೆ ಹೋಗೋರು ಮೇಡಮ್," ಎಂದರು ರೇಂಜರ್. "ಜೇನು ಕೊಯ್ಯೋದೆಲ್ಲ ಅಜ್ಜನ ಕಾಲದ ಮಾತು."

ಮೇಡಮ್ ಜನರ ಕಡೆ ತಿರುಗಿದರು. "ಈಗ ಈ ಬಂಡೆಗೆ ಇಳಿಯೋರು ಯಾರು?"

ಎಲ್ಲರೂ ಬೋರಲಿಂಗಯ್ಯನನ್ನು ನೋಡಿದರು. ಅವನು ಹೇಳಬೇಕಾಗಿದ್ದದ್ದು ಒಂದೇ ಒಂದು ಹೆಸರು. ಅದು ಗಂಟಲವರೆಗೂ ಬಂತು. ಅಷ್ಟರಲ್ಲಿ ಗೋಡೆಯ ಮೇಲಿನ ಆ ಎರಡು ಅಂಗಾಲುಗಳು ಕಣ್ಣ ಮುಂದೆ ಬಂದು ನಿಂತವು.

"ನಾನೇ," ಎಂದ.

ಒಮ್ಮೆ ಬಾಯಿ ಬಿಟ್ಟ ಮೇಲೆ ಅದನ್ನು ಮುಚ್ಚುವ ಅಭ್ಯಾಸ ಅವನಿಗೆ ಇರಲಿಲ್ಲ. "ಬಂಡೆ ನನ್ ಕಾಲ್ ಸದ್ದು ಕೇಳಿದ್ರೆ ಒಸಿ ಬಗ್ತದೆ ಮೇಡಮ್. ಹುಳ ನನ್ ಕಂಡ್ರೆ ತಾವಾಗೇ ಜಾಗ ಬುಡ್ತವೆ. ಇವ್ನು ನಮ್ ಬಾವ, ಅಂಕಯ್ಯ ಅಂತ. ಮ್ಯಾಲೆ ಹಗ್ಗ ಹಿಡ್ಕಂಡ್ ನಿಂತಿರ್ತಾನೆ. ಪಾಪ, ಅಷ್ಟಕ್ಕಾದ್ರೂ ಆಯ್ತಾನೆ."

"ನಿನ್ ಬಾಯಿಗೆ ಮಣ್ಣಾಕ," ಎಂದು ಚಿಕ್ಕಲಕ್ಷ್ಮಮ್ಮ ಸೆರಗಿನೊಳಗೇ ಹೇಳಿಕೊಂಡಳು. ಅಂಕಯ್ಯ ಬಾವನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಅವನು ಏನಾದರೂ ಹೇಳಿದ್ದರೆ ಬೋರಲಿಂಗಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು.

ರೇಂಜರ್ ನಕ್ಕರು. "ಹಂಗಾದ್ರೆ ಇಳಿದು ತೋರ್ಸಪ್ಪ. ಜೇನೂ ಇಲ್ಲ, ಕಚ್ಚಿಸ್ಕೊಳ್ಳೋ ಭಯಾನೂ ಇಲ್ಲ."

"ಶನಿವಾರ ನಾವು ಇಳಿಯಂಗಿಲ್ಲ ಸಾರ್."

"ಇವತ್ತು ಗುರುವಾರ."

"ಗುರುವಾರನೂ ಅಷ್ಟೇನೂ ಆಗ್ಬರಕಿಲ್ಲ."

"ಇಳಿಯೋರು ಯಾರೂ ಇಲ್ಲ ಅಂತ ಬರ್ಕೊಳ್ಳಿ ಮೇಡಮ್," ಎಂದರು ರೇಂಜರ್.

ಅಂಕಯ್ಯ ಪಂಚೆ ಎತ್ತಿ ಕಟ್ಟಿ ಮುಂದೆ ಬಂದ. ರೇಂಜರ್ ಕೈ ಅಡ್ಡ ಹಿಡಿದರು. "ನೀನಲ್ಲ. ನೀನು ಹಗ್ಗ ಹಿಡಿಯೋನು ಅಂತ ಹೇಳಾಯ್ತಲ್ಲ. ಇಳಿಯೋನು ಇಳೀಲಿ."

ನೂಲೇಣಿ ಕೆಳಗೆ ಬಿತ್ತು. ಅಂಕಯ್ಯ ಬೋರಲಿಂಗಯ್ಯನ ಸೊಂಟಕ್ಕೆ ಹಗ್ಗ ಸುತ್ತಿ, ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿದ. ಇಷ್ಟು ಹತ್ತಿರದಿಂದ ಬಾವನ ಮುಖವನ್ನು ಬೋರಲಿಂಗಯ್ಯ ನೋಡಿ ಎಷ್ಟೋ ವರ್ಷವಾಗಿತ್ತು. ಅದರಲ್ಲಿ ಸಿಟ್ಟು ಇದೆಯೋ ಇಲ್ಲವೋ ತಿಳಿಯಲಿಲ್ಲ.

"ಬಾವ," ಎಂದು ಪಿಸುಗುಟ್ಟಿದ, "ಬುಟ್‌ಗಿಟ್ಟೀಯೆ."

ಅಂಕಯ್ಯ ಹಿಂದೆ ಸರಿದು ಬಸರಿ ಮರದ ಬೇರಿಗೆ ಹಿಮ್ಮಡಿ ಕೊಟ್ಟು ನಿಂತ.

ಬೋರಲಿಂಗಯ್ಯ ಇಳಿದ. ಅವನ ದೇಹ ಪಾತಾಳಕ್ಕೆ ಹೋಯಿತು, ಪ್ರಾಣ ಮೇಲೆಯೇ ಕೂತಿತ್ತು, ನಡುವೆ ಏಳು ಮೋಡ ತೇಲಿದವು. ಅಳತೆ ಹಿಡಿದು ನೋಡಿದ್ದರೆ ಅವನು ಇಳಿದದ್ದು ಐದು ಮೆಟ್ಟಿಲು. ಆರನೆಯದಕ್ಕೆ ಕಾಲು ಚಾಚಿದಾಗ ಗಾಳಿ ಏಣಿಯನ್ನು ಪಕ್ಕಕ್ಕೆ ಎಳೆಯಿತು, ಕಾಲು ಜಾರಿತು, ಸೊಂಟದ ಹಗ್ಗ ಬಿಗಿದು ಉಸಿರು ಕಟ್ಟಿತು. ಹಗ್ಗ ಒಂದಂಗುಲವೂ ಜಾರಲಿಲ್ಲ. ಮೇಲೆ ನಿಂತವರಿಗೆ ಅವನ ತಲೆಯೂ ಕಾಣುತ್ತಿರಲಿಲ್ಲ. ಬಂಡೆಯಂಚಿನ ಕೆಳಗಿನಿಂದ ಮಾತು ಮಾತ್ರ ಬಂತು.

"ಮೇಡಮ್, ಬರ್ಕೊಳ್ಳಿ. ನಾನು ಒಂದು ದಿನಾನೂ ಇಳ್ದಿಲ್ಲ. ಇಳಿಯೋನು ಅಂಕಯ್ಯ. ನಾನು ಹಗ್ಗ ಹಿಡಿಯೋನು. ಬಂಡೆ ಬಗ್ಗಾಕಿಲ್ಲ. ನನ್ನ ಮ್ಯಾಲಕ್ಕೆಳ್ಕಳಿ."

ಎಳೆದು ಹಾಕಿದರು. ಅವನು ಬಂಡೆಯ ಮೇಲೆ ಬೋರಲು ಬಿದ್ದುಕೊಂಡ. ನಗು ತಡೆಯಲಾರದೆ ದೊಡ್ಡಿಯ ಹೆಂಗಸರು ಮುಖ ತಿರುಗಿಸಿದರು.

"ಸುಳ್ಳು ಹೇಳಿಕೆ," ಎಂದರು ರೇಂಜರ್.

"ಯಾವುದು ಸುಳ್ಳು?" ಎಂದರು ಮೇಡಮ್. "ಇಷ್ಟು ಜನರ ಎದುರಿಗೆ ಮರ್ಯಾದೆ ಕಳ್ಕೊಂಡು ಹೇಳಿದ್ದಾ?" ಅವರು ಬೋರಲಿಂಗಯ್ಯನ ಪಕ್ಕ ಕುಕ್ಕುರುಗಾಲಲ್ಲಿ ಕೂತರು. "ಅವನಿಗೆ ನೀನೇ ಯಾಕೆ ಹಗ್ಗ ಹಿಡೀಬೇಕು?"

"ನನ್ ತಂಗಿ ಅವ್ನ ಹೆಂಡ್ತಿ. ಬ್ಯಾರೆಯೋರು ಹಿಡಿಯಂಗಿಲ್ಲ. ನಮ್ಮಪ್ಪಂಗೆ ನಮ್ ಸ್ವಾದರಮಾವ ಹಿಡೀತಿದ್ದ. ನಮ್ ತಾತಂಗೆ ನಮ್ಮಪ್ಪನ ಸ್ವಾದರಮಾವ."

"ಮತ್ತೆ ಮೊದಲು ಯಾಕೆ ಸುಳ್ಳು ಹೇಳ್ದೆ?"

"ಹೊಟ್ಟೆಕಿಚ್ಚು ಮೇಡಮ್."

ಮೇಡಮ್ ಅದನ್ನು ಬರೆದರೋ ಬಿಟ್ಟರೋ, ಅಂಕಯ್ಯನ ಕಡೆ ನೋಡಿ ತಲೆಯಾಡಿಸಿದರು. ಅಂಕಯ್ಯ ಹಗ್ಗ ಕಟ್ಟಿಕೊಂಡ. ತುದಿಯನ್ನು ಬಾವನ ಕೈಗೆ ಕೊಟ್ಟ. ಮನೆಯ ಮೆಟ್ಟಿಲಿಳಿಯುವ ಹಾಗೆ ಬಂಡೆಯಂಚು ದಾಟಿ ಮರೆಯಾದ.

ಮೇಡಮ್, ರೇಂಜರ್, ದೊಡ್ಡಿಯ ಜನ ಎಲ್ಲರೂ ಅಂಚಿಗೆ ಬಗ್ಗಿ ಕೆಳಗೆ ನೋಡುತ್ತಿದ್ದರು. "ಅಬ್ಬಾ, ಏನ್ ಮನುಷ್ಯ," ಎಂದರು ರೇಂಜರ್. ಚಿಕ್ಕಲಕ್ಷ್ಮಮ್ಮ ಮೇಡಮ್ಮನ ತೋಳು ಹಿಡಿದು "ನಮ್ಮಣ್ಣ" ಎನ್ನುತ್ತಿದ್ದಳು. ಬೋರಲಿಂಗಯ್ಯನ ಕಡೆ ಎಲ್ಲರ ಬೆನ್ನು. ಅವನ ಅಂಗೈಯಲ್ಲಿ ಹಗ್ಗ, ಹಗ್ಗದ ಆ ತುದಿಯಲ್ಲಿ ಬಾವನ ಭಾರ.

ಅಂಕಯ್ಯ ಒಣ ಹುಟ್ಟಿನ ಒಂದು ತುಂಡನ್ನು ಮಡಿಲಲ್ಲಿ ಕಟ್ಟಿಕೊಂಡು ಮೇಲೆ ಬಂದ. ರೇಂಜರ್ ಅದನ್ನು ಮೂಸಿ ನೋಡಿ ಸಹಿ ಹಾಕಿದರು. ಜೇನುಬಂಡೆಯಲ್ಲಿ ಈಗಲೂ ಇರುಳಿಗರು ಇಳಿದು ಕೊಯ್ಯುತ್ತಾರೆ ಎಂದು ದಾಖಲಾಯಿತು. ಜನ ಅಧಿಕಾರಿಗಳ ಹಿಂದೆ ಬಂಡೆ ಇಳಿದು ಹೋದರು. ನೂಲೇಣಿ ಎಳೆದು ಸುತ್ತಲು ಇಬ್ಬರು ಬಾವಂದಿರು ಉಳಿದರು.

"ಬಾವ," ಎಂದ ಅಂಕಯ್ಯ, ಸುತ್ತುವುದನ್ನು ನಿಲ್ಲಿಸದೆ. "ಒಂದ್ ಕೇಳ್ತೀನಿ. ಹಿಡ್ಕಂಡ್ ನಿಂತಾಗ ಬುಟ್ಬುಡಾನ ಅಂತ ಯಾವತ್ತಾರ ಅನ್ಸಿತ್ತಾ?"

"ನಂಗಾ?" ಬೋರಲಿಂಗಯ್ಯ ನೆಟ್ಟಗಾದ. "ನನ್ ಹಿಡಿತ ಅಂದ್ರೆ ಏನ್ ತಿಳ್ದಿದ್ದೀಯಾ? ಒಂದ್ಸಲ ಆನೆ ಸೊಂಡ್ಲು ಹಿಡ್ಕಂಡು..."

"ಹಗ್ಗದಾಗೆ ಗೊತ್ತಾಯ್ತದೆ ಬಾವ."

ಆನೆ ಅಲ್ಲಿಗೇ ನಿಂತಿತು. ಬೋರಲಿಂಗಯ್ಯ ಬರೆ ಎದ್ದ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಗಾಳಿ ಜೋರಾಗಿತ್ತು, ಹತ್ತಿರದಲ್ಲಿ ಕೇಳುವವರು ಯಾರೂ ಇರಲಿಲ್ಲ.

"ಪ್ಯಾಪರ್‌ನಾಗೆ ಬಂದ್ ವರ್ಷ ಅನ್ಸಿತ್ತು. ಒಸಿ ಸಡ್ಲ ಬುಟ್ಟಿದ್ದೆ. ಸಿದ್ದಮ್ಮ ನೆಪ್ಪಾದ್ಲು, ಹಿಡ್ಕಂಡೆ."

"ಇವತ್ತು?"

"ಇವತ್ತೂ ಅನ್ಸ್ತು," ಎಂದ ಬೋರಲಿಂಗಯ್ಯ. "ಬುಡ್ನಿಲ್ಲ."