ಸೈಡ್‌ಕಾರಿನ ವಿಮೆ

ಹೆಬ್ಬಾಳದ ಹೂತೋಟಗಾರ ಕದಿರಪ್ಪ ೧೯೫೮ರಲ್ಲಿ ಮಿಲಿಟರಿಯವರ ಹರಾಜಿನಲ್ಲಿ ಸೈಡ್‌ಕಾರ್ ಜೋಡಿಸಿದ ಮೋಟಾರ್ ಸೈಕಲ್ ಕೊಂಡ. ದಿನಾ ಬೆಳಗ್ಗೆ ಹೆಂಡತಿ ಅಂಜಿನಮ್ಮ ಸೇವಂತಿಗೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಸೈಡ್‌ಕಾರಿನಲ್ಲೇ ಮಾರ್ಕೆಟ್ಟಿಗೆ ಬರುತ್ತಿದ್ದಳು.

ವಿಮೆ ಮಾಡಿಸಲು ಅವನು ಎರಡು ಕಚೇರಿ ಹತ್ತಿ ಇಳಿದ. ಮೊದಲನೆಯವರು ವರ್ಷಕ್ಕೆ ತೊಂಬತ್ತು ರೂಪಾಯಿ ಕೇಳಿದರು, ಎರಡನೆಯವರು ಐವತ್ತೇ. ಅಲ್ಲೇ ರುಜು ಹಾಕಲು ಪೆನ್ನು ಹಿಡಿದವನು ಸುಮ್ಮನೆ ಕೇಳಿದ:

“ಇಷ್ಟು ಕಮ್ಮಿ ಎಂಗೆ ಸಾಮಿ?”

“ಸೈಡ್‌ಕಾರನ್ನ ಸಾಮಾನಿನ ಪೆಟ್ಟಿಗೆ ಅಂತ ಬರ್ಕೊಂಡಿದೀವಿ. ಅದ್ರಲ್ಲಿ ಕೂತೋರು ಸತ್ರೆ ನಾವೇನೂ ಕೊಡಲ್ಲ,” ಎಂದ ಗುಮಾಸ್ತ, ತಲೆ ಎತ್ತದೆ.

ಕದಿರಪ್ಪನ ಕೈ ಅಲ್ಲೇ ನಿಂತಿತು. ಅವತ್ತು ಬೆಳಗ್ಗೆ ಕೆರೆ ಏರಿಯ ಮೇಲೆ ಲಾರಿಯೊಂದು ಅಂಜಿನಮ್ಮನ ಮಗ್ಗುಲಲ್ಲೇ ಸವರಿಕೊಂಡು ಹೋಗಿತ್ತು. ಆಗ ಇಬ್ಬರೂ ನಕ್ಕಿದ್ದರು.

ಪೆನ್ನು ಕೆಳಗಿಟ್ಟು ಹೊರಗೆ ಬಂದ. ಅಂಜಿನಮ್ಮ ಸೈಡ್‌ಕಾರಿನಲ್ಲಿ ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದಳು.

“ತೊಂಬತ್ತರದ್ದೇ ಮಾಡಿಸ್ತೀನಿ ಕಣೆ.”

“ಯಾಕೆ, ದುಡ್ಡು ಎಚ್ಚಾಯ್ತಾ?”

“ಇಲ್ಲಿ ನಿನ್ನನ್ನ ಸಾಮಾನು ಅಂದ್ಬುಟ್ರು.”

ಅವಳು ಅಗಿಯುವುದನ್ನು ನಿಲ್ಲಿಸಿದಳು. ಮೊದಲ ಕಚೇರಿಯವರೆಗೂ ಅವನು ಎತ್ತಿನಗಾಡಿಗಿಂತ ನಿಧಾನವಾಗಿ ಓಡಿಸಿದ.