ಕೃಪಾಂಕ

ಪ್ರಾರ್ಥನಾಮಂದಿರದ ಹಿಂಬದಿಯ ಕೋಣೆಯಲ್ಲಿ ಬಡವರಿಗೆ ಕಂಬಳಿ ಹಂಚುವ ಹೊಣೆ ಹದಿನಾಲ್ಕು ವರ್ಷದಿಂದ ಟೀಚರಮ್ಮನದು. ಗಣಿತ ಕಲಿಸಿ ನಿವೃತ್ತರಾದವರು. ಆ ಬಡಾವಣೆಯ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡವರು. ಉಳಿದರ್ಧ ಜನ ಆ ಭಯಕ್ಕೇ ಬೇರೆ ಶಾಲೆ ಸೇರಿದವರು. ದೇವರ ಮೇಲೆ ಅವರಿಗೆ ಅಪಾರ ಭಕ್ತಿ. ದೇವರು ಸೃಷ್ಟಿಸಿದ ಮನುಷ್ಯರ ಮೇಲೆ ಮಾತ್ರ ಅಷ್ಟೇ ಅನುಮಾನ.

ಹೋದ ಚಳಿಗಾಲದಲ್ಲಿ ಯಾರೋ ಕಂಬಳಿ ಮಾರಿ ಕುಡಿದರೆಂಬ ಸುದ್ದಿ ಬಂದು, ಆ ಅನುಮಾನಕ್ಕೆ ತುಪ್ಪ ಸುರಿದಂತಾಗಿತ್ತು. ಈ ಸಲ ಅವರು ಎರಡು ದಿನ ಕೂತು ಪ್ರಶ್ನೆಪತ್ರಿಕೆ ತಯಾರಿಸಿದರು. ಹತ್ತು ಪ್ರಶ್ನೆ, ತಲಾ ಹತ್ತು ಅಂಕ. ನಲವತ್ತು ಬಂದರೆ ಕಂಬಳಿ, ಇಲ್ಲದಿದ್ದರೆ ಉಪದೇಶ.

"ಅಕ್ಕಾ, ಚಳಿಗೆ ಪಾಸು ಫೇಲು ಗೊತ್ತಾಗತ್ತಾ?" ಎಂದಳು ಚಹಾ ಕಾಯಿಸುತ್ತಿದ್ದ ತಂಗಿ.

"ನೀನು ಚಹಾ ನೋಡ್ಕೋ. ಉಕ್ಕತ್ತೆ."

ಸಾಲಿನಲ್ಲಿ ಮೊದಲು ನಿಂತವನು ಮಾರುಕಟ್ಟೆಯ ಹಮಾಲಿ. ಬಾಗಿಲು ತುಂಬುವಂಥ ಆಳು. ಕನ್ನಡಕದ ಮೇಲಿಂದ ಅವನನ್ನು ನೋಡಿ ಟೀಚರಮ್ಮ ಕೇಳಿದರು, "ಹೋದ ವರ್ಷದ ಕಂಬಳಿ ಎಲ್ಲಯ್ಯಾ?"

"ಮಾರಿ ಕುಡಿದೆ ಟೀಚರಮ್ಮ."

ಟೀಚರಮ್ಮ ಪೆನ್ನು ಎತ್ತಿಕೊಂಡರು. ಅವನು ಅಲ್ಲಿಗೇ ನಿಲ್ಲಿಸಲಿಲ್ಲ.

"ಎರಡು ದಿನ ಚಳಿ ಅಂದ್ರೇನು ಅಂತಾನೇ ಗೊತ್ತಾಗ್ಲಿಲ್ಲ. ಮೂರನೇ ದಿನ ಗೊತ್ತಾಯ್ತು ನೋಡಿ, ಹಲ್ಲು ಹಲ್ಲಿಗೆ ತಾಳ ಹಾಕ್ತು!"

ಸತ್ಯ ಹೇಳಿದ್ದಕ್ಕೆ ಹತ್ತು ಕೊಡದೆ ವಿಧಿಯಿರಲಿಲ್ಲ. ತನ್ನ ಬುತ್ತಿಯಲ್ಲಿ ಜೊತೆಯವರಿಗೆ ದಿನಾ ಪಾಲು ಕೊಡುತ್ತಾನೆಂದು ಹಿಂದಿದ್ದವರು ಸಾಕ್ಷಿ ನುಡಿದರು, ಇನ್ನೊಂದು ಹತ್ತು. ಯಾರ ಮೇಲಾದರೂ ಹೊಟ್ಟೆಕಿಚ್ಚಿದೆಯೇ ಎಂದರೆ, "ಹೊತ್ತ ಮೂಟೆ ಇಳಿಸೋಕೇ ಪುರುಸೊತ್ತಿಲ್ಲ, ಅದನ್ನ ಬೇರೆ ಎಲ್ಲಿ ಹೊರಲಿ?" ಎಂದ. ಅದಕ್ಕೂ ಹತ್ತು. ಮಿಕ್ಕಿದ್ದಕ್ಕೆಲ್ಲ ಸೊನ್ನೆ.

"ಮೂವತ್ತು. ಫೇಲು. ಪಕ್ಕಕ್ಕೆ ನಿಲ್ಲು."

ಹಮಾಲಿ ವಿಧೇಯನಾಗಿ ಪಕ್ಕಕ್ಕೆ ಸರಿದ. ಅವನ ಹಿಂದಿದ್ದದ್ದು ಬೀದಿ ಗುಡಿಸುವ ಅಜ್ಜಿ. ಬೆನ್ನು ಬಾಗಿ ಪ್ರಶ್ನೆಚಿಹ್ನೆಯಂತಾಗಿತ್ತು.

"ನಾನು ಜನ್ಮದಲ್ಲಿ ಪರೀಕ್ಷೆ ಬರೆದೋಳಲ್ಲ ತಾಯಿ. ಹೆಂಗೆ ಅಂತ ನೀವೇ ಒಂದ್ಸಲ ಮಾಡಿ ತೋರಿಸಿ."

ಟೀಚರಮ್ಮನಿಗೆ ಖುಷಿಯಾಯಿತು. ಲೆಕ್ಕವೊಂದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸದೆ ಅವರು ಎಂದೂ ಮನೆಗೆಲಸ ಕೊಟ್ಟವರಲ್ಲ. ಹೊಸ ಹಾಳೆ ತೆಗೆದು ಗಟ್ಟಿಯಾಗಿ ಓದಿದರು. "ದಿನಾ ಪ್ರಾರ್ಥನೆ ಮಾಡುತ್ತೀರಾ? ಮಾಡ್ತೀನಿ. ಹತ್ತು. ಆಗ ಮನಸ್ಸು ದೇವರಲ್ಲೇ ಇರುತ್ತದೆಯೇ?"

ಪೆನ್ನು ನಿಂತಿತು. ಅಂದು ಬೆಳಿಗ್ಗೆ ಮನಸ್ಸು ಪಕ್ಕದ ಮನೆಯವಳು ತಮ್ಮ ಹಗ್ಗದ ಮೇಲೆ ಒಣಹಾಕಿದ್ದ ಬಟ್ಟೆಯಲ್ಲಿತ್ತು. ಸುಳ್ಳು ಬರೆದರೆ ಮುಂದಿನ ಪ್ರಶ್ನೆಯೇ ಸುಳ್ಳಿನ ಬಗ್ಗೆ. ಸೊನ್ನೆ ಹಾಕಿದರು. ಸುಳ್ಳಿಗೂ ಸೊನ್ನೆ, ನಿನ್ನೆ ತಾನೇ ಗುರುಗಳ ಒಂದೂವರೆ ಗಂಟೆಯ ಪ್ರವಚನವನ್ನು "ಕಣ್ಣು ತೆರೆಸಿತು" ಎಂದು ಹೊಗಳಿದ್ದರು, ಅದೂ ನಿದ್ದೆಯಿಂದ ಎದ್ದು. "ಬೇರೆಯವರ ಬಗ್ಗೆ ಹಿಂದಿನಿಂದ ಆಡಿಕೊಳ್ಳುತ್ತೀರಾ?" ಎಂದು ಓದುವಷ್ಟರಲ್ಲಿ ತಂಗಿ ನಗು ತಡೆಯಲಾರದೆ ಅರ್ಧ ಲೋಟ ಚಹಾ ನೆಲಕ್ಕೆ ಚೆಲ್ಲಿದಳು.

ಕುಡಿತವಿಲ್ಲ, ಹತ್ತು. ಹಂಚಿಕೊಳ್ಳುವುದು? ಕಂಬಳಿ ಹಂಚುವುದು ನಿಜ, ಆದರೆ ಅವು ಬೇರೆಯವರು ಕೊಟ್ಟವು. ತಮ್ಮ ಬೀರುವಿನಲ್ಲಿ ಬಿಚ್ಚದ ಎರಡು ಶಾಲುಗಳಿದ್ದವು. ಐದು. ಕೋಪ, ಅಸೂಯೆ, ಜಂಬ, ಕ್ಷಮೆ: ನಾಲ್ಕಕ್ಕೂ ಸಾಲಾಗಿ ಸೊನ್ನೆ, ಕೋಳಿ ಮೊಟ್ಟೆ ಇಟ್ಟಂತೆ.

ಎರಡು ಸಲ ಕೂಡಿದರು. ಎರಡು ಸಲವೂ ಇಪ್ಪತ್ತೈದೇ ಬಂತು.

"ಎಷ್ಟು ಬಂತು ತಾಯಿ?" ಎಂದಳು ಅಜ್ಜಿ.

ಟೀಚರಮ್ಮನ ಕಿವಿ ಕೆಂಪಾಯಿತು. ಹಾಳೆ ಮಡಚಿಡಬಹುದಿತ್ತು. ಆದರೆ ಯಾವ ಮಕ್ಕಳ ಅಂಕವನ್ನೂ ಮುಚ್ಚಿಟ್ಟ ಕೈಯಲ್ಲ ಅದು. "ಇಪ್ಪತ್ತೈದು" ಎಂದರು, ಸಣ್ಣ ದನಿಯಲ್ಲಿ.

ಯಾರೂ ನಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹಮಾಲಿಗಂತೂ ನಿಜವಾಗಿಯೂ ಕೆಡುಕೆನಿಸಿತು. "ಬೇಜಾರು ಮಾಡ್ಕೋಬೇಡಿ ಟೀಚರಮ್ಮ. ನಂದು ಹೆಂಗೂ ಫೇಲು. ಒಂದು ಹದಿನೈದು ನನ್ನ ಕಡೆಯಿಂದ ತಗೊಳ್ಳಿ, ನೀವಾದ್ರೂ ಪಾಸಾಗಿ."

"ನನ್ನದೂ ತಗೊಳ್ಳಲಿ, ಪಾಪ" ಎಂದಳು ಇನ್ನೂ ಪರೀಕ್ಷೆಯನ್ನೇ ಬರೆಯದ ಅಜ್ಜಿ, ತಂಗಿಯ ಕಡೆ ತಿರುಗಿ. "ಅವರಿಗೂ ಒಂದು ಕಂಬಳಿ ಕೊಟ್ಬಿಡಿ."

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಬ್ಬರಿಗೂ ಒಂದು ಕೃಪಾಂಕ ಕೊಟ್ಟವರಲ್ಲ ಅವರು. ಎಷ್ಟೋ ತಾಯಂದಿರು ಸ್ಟಾಫ್ ರೂಮಿನ ಬಾಗಿಲಲ್ಲಿ ಅತ್ತು ಹೋಗಿದ್ದರು. ಈಗ ಫೇಲಾದವನೊಬ್ಬ ತನ್ನ ಅಂಕವನ್ನೇ ಬಿಚ್ಚಿ ಕೊಡುತ್ತಿದ್ದ, ಬುತ್ತಿಯಿಂದ ತುತ್ತು ಕೊಟ್ಟಷ್ಟು ಸಲೀಸಾಗಿ. ಟೀಚರಮ್ಮನಿಗೆ ಮೊದಲು ನಗು ಬಂತು. ಅದರ ಬೆನ್ನಿಗೇ ಕಣ್ಣು ತುಂಬಿತು.

"ಎಲ್ಲರಿಗೂ ಹತ್ತು ಹತ್ತು ಕೃಪಾಂಕ" ಎಂದರು.

"ಅಕ್ಕಾ, ಹಾಗಾದ್ರೂ ನೀನು ಪಾಸಾಗಲ್ಲ!" ಎಂದಳು ತಂಗಿ. "ಇಪ್ಪತ್ತೈದಕ್ಕೆ ಹತ್ತು ಸೇರಿದ್ರೆ ಮೂವತ್ತೈದೇ."

"ಗೊತ್ತು ಕಣೇ, ನಾನೂ ಲೆಕ್ಕ ಕಲಿಸಿದವಳೇ. ಬಾಯಿ ಮುಚ್ಚಿ ಆ ಕಂಬಳಿ ಗಂಟು ಬಿಚ್ಚು."

ಉಳಿದ ಪ್ರಶ್ನೆಪತ್ರಿಕೆಗಳು ಚೆಲ್ಲಿದ ಚಹಾ ಒರೆಸಲು ಬಳಕೆಯಾದವು. ಮಧ್ಯಾಹ್ನದವರೆಗೆ ಟೀಚರಮ್ಮ ಸಾಲಿನವರನ್ನು ಒಂದೇ ಒಂದು ಮಾತು ಕೇಳಿದರು: "ಉದ್ದ ಸಾಕಾ?" ಅಜ್ಜಿಗೆ ಹೆಚ್ಚೇ ಆಯಿತು. ಹಮಾಲಿ ಮಾತ್ರ ಬೆಂಚಿನ ಮೇಲೆ ಮಲಗಿ ಹೊದ್ದು ನೋಡಿದ; ಕುತ್ತಿಗೆಯವರೆಗೆ ಎಳೆದರೆ ಎರಡೂ ಪಾದ ಹೊರಗೆ. ಟೀಚರಮ್ಮ ಇನ್ನೊಂದು ಕಂಬಳಿ ತಂದು, ಅವನನ್ನು ಹಾಗೇ ಮಲಗಿರಲು ಹೇಳಿ, ಸೂಜಿಗೆ ದಾರ ಪೋಣಿಸಿದರು.