‘ಚಿತ್ರಗಳಿಲ್ಲ’ ಎಂದದ್ದು ನಾನೇ

ನಾನು ಒಂದು ಕ್ಯಾಮೆರಾ. ಡಿಜಿಟಲ್ ಎಸ್‌ಎಲ್‌ಆರ್ ಎನ್ನುತ್ತಾರಲ್ಲ, ಆ ಮನೆತನ. ಹಾಗೆಂದು ಬೀಗುವಂತಿಲ್ಲ, ಆ ಮನೆತನದ ತೀರಾ ಕಡೆಯ ಕೂಸು ನಾನು. ದೂರದ ಯಾವುದೋ ದೇಶದ ಕಾರ್ಖಾನೆಯಲ್ಲಿ, ಬಿಳಿ ಕೈಗವಸು ಹಾಕಿಕೊಂಡ ಒಬ್ಬ ಹೆಣ್ಣುಮಗಳು ನನ್ನ ಹೊಟ್ಟೆಯೊಳಗೆ ಪುಟ್ಟ ಕನ್ನಡಿ ಕೂರಿಸಿದಳು. ಗೋಡೆಗೆ ಅಂಟಿಸಿದ್ದ ಕಪ್ಪುಬಿಳಿ ಚೌಕಗಳ ಹಾಳೆ ತೋರಿಸಿ ‘ಟಕ್’ ಎನ್ನಿಸಿದಳು. ಅದೇ ನನ್ನ ಮೊದಲ ಉಸಿರು. ಆಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೆ ‘ಹೊಸದಾಗಿ ಕಲಿಯುವವರಿಗೆ’ ಎಂದು ಅಚ್ಚು ಹಾಕಿದರು. ನೋಡಿ, ಕಣ್ಣು ಬಿಟ್ಟ ದಿನವೇ ಹಣೆಗೆ ಚೀಟಿ! ನನ್ನ ಸಿಡುಕು ಶುರುವಾದದ್ದು ಅಲ್ಲಿಂದಲೇ.

ಪೆಟ್ಟಿಗೆ ಬಿಚ್ಚಿದವಳು ತಿಪಟೂರಿನ ನಾಗವೇಣಿ. ತಂದೆಯ ಕಣ್ಣು ಮಂಜಾದ ಮೇಲೆ ಅವರ ಸ್ಟುಡಿಯೊ ನಡೆಸುತ್ತಿದ್ದವಳು. ಗಟ್ಟಿ ಹೆಂಗಸು. ಮದುವೆಮನೆಯಲ್ಲಿ ಗಂಡಸರನ್ನು ಮೊಣಕೈಯಿಂದ ಸರಿಸಿ ಮುಂದೆ ನಿಲ್ಲುತ್ತಿದ್ದಳು. ನನ್ನ ಕೊರಳಿಗೆ ನೀಲಿ ಪಟ್ಟಿ ಕಟ್ಟಿ, ಮೂರು ವರ್ಷ ನನ್ನನ್ನೇ ನಂಬಿ ದುಡಿದಳು. ಆ ಮೂರು ವರ್ಷದಲ್ಲಿ ಅವಳಿಗೊಂದು ರೂಢಿ ಬೆಳೆಯಿತು. ನನ್ನೊಳಗೆ ಮೆಮೊರಿ ಕಾರ್ಡು ಹಾಕಿದ ಕೂಡಲೇ, ತೆಗೆದ ಚಿತ್ರ ನೋಡುವ ಗುಂಡಿ ಒತ್ತುವುದು. ನಾನು ಪರದೆಯ ಮೇಲೆ ‘ಚಿತ್ರಗಳಿಲ್ಲ’ ಎಂದರೆ, ಅದು ಖಾಲಿ ಕಾರ್ಡು ಎಂದರ್ಥ. ಆದರೂ ಒಮ್ಮೆ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ, ‘ಶಿವಾ’ ಎಂದು ನನ್ನನ್ನು ಕಣ್ಣಿಗೊತ್ತಿಕೊಂಡು ಕೆಲಸ ಶುರು ಮಾಡುವುದು. ಒಂದು ದಿನವೂ ಇದರಲ್ಲಿ ತಪ್ಪಾಗಲಿಲ್ಲ. ಇದ್ದದ್ದು ನಾನೊಬ್ಬನೇ ತಾನೆ, ತಪ್ಪಾಗುವುದಾದರೂ ಹೇಗೆ?

ಆಮೇಲೆ ಬಂದ ನೋಡಿ ಅವಳ ತಮ್ಮ ಷಡಕ್ಷರಿ, ಡಿಪ್ಲೊಮಾ ಮುಗಿಸಿಕೊಂಡು. ಕಂಕುಳಲ್ಲಿ ಇನ್ನೊಂದು ಕ್ಯಾಮೆರಾ. ಬೇರೆ ಕಂಪನಿಯದು, ಕೊರಳಲ್ಲಿ ಹಸಿರು ಪಟ್ಟಿ. ಅದರ ಪೆಟ್ಟಿಗೆಯ ಮೇಲೂ ‘ಹೊಸದಾಗಿ ಕಲಿಯುವವರಿಗೆ’ ಎಂದೇ ಇತ್ತು. ಅದನ್ನು ಕಂಡು ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ.

ಅವತ್ತಿನಿಂದ ಅಕ್ಕ ತಮ್ಮನಿಗೆ ಅದೇ ಜಗಳ, ಯಾರ ಕ್ಯಾಮೆರಾ ಮೇಲು ಅಂತ. ಒಂದು ದಿನ ಕಪ್ಪು ಬಟ್ಟೆಯ ಮೇಲೆ ಕೊಬ್ಬರಿ ಗಿಟುಕು ಇಟ್ಟು, ನಮ್ಮಿಬ್ಬರಿಂದಲೂ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟರು.

“ನೋಡೋ, ಕೊಬ್ಬರಿ ಬಣ್ಣ ಅಂದ್ರೆ ಇದು. ನಿಂದು ಅರಿಶಿನ ಬಳ್ದಂಗೈತೆ,” ಎಂದಳು ನಾಗವೇಣಿ. ನಾನು ಉಬ್ಬಿಹೋದೆ.

“ಬಣ್ಣ ಆಮೇಲೂ ಸರಿ ಮಾಡ್ಬೋದು ಕಣಕ್ಕ. ತೆಗೀದೇ ಇರೋ ಫೋಟೊನ ಏನ್ ಸರಿ ಮಾಡ್ತೀಯ?” ಎಂದು ಷಡಕ್ಷರಿ ಎದ್ದು ಲೈಟ್ ಆರಿಸಿದ. ಆ ಮಬ್ಬಿನಲ್ಲಿ ಹಸಿರುಪಟ್ಟಿ ‘ಟಕ್’ ಎಂದಿತು. ನನ್ನ ಸರದಿ ಬಂದಾಗ ನನ್ನ ಲೆನ್ಸು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಜುಯ್... ಜುಯ್... ನನ್ನ ದೊಡ್ಡ ಕೊರತೆ ಅದೇ. ಬೆಳಕು ಕಡಿಮೆಯಾದರೆ ಎಲ್ಲಿ ಕಣ್ಣು ನೆಡಬೇಕೆಂದೇ ತೋಚುವುದಿಲ್ಲ, ಫ್ಲ್ಯಾಶ್ ಮಿಂಚುವುದು ಕಣ್ಣು ನೆಟ್ಟ ಮೇಲೆಯೇ. ನೋಟ ನೆಡುವತನಕ, ಎಷ್ಟೇ ಒತ್ತಿದರೂ ನನ್ನಿಂದ ‘ಟಕ್’ ಬರುವುದಿಲ್ಲ. ಷಡಕ್ಷರಿ ಬಿದ್ದು ಬಿದ್ದು ನಕ್ಕ. ನನಗೆ ಹೊಟ್ಟೆ ಉರಿದುಹೋಯಿತು.

ಈ ಪಂದ್ಯಕ್ಕೆಲ್ಲ ಒಬ್ಬರು ಪ್ರೇಕ್ಷಕರಿದ್ದರು, ಪಕ್ಕದ ಅಂಗಡಿಯ ಟೈಲರ್ ರಂಗಶಾಮಣ್ಣ. ಸ್ಟುಡಿಯೊದ ಪರದೆ ಹೊಲಿದವರು ಅವರೇ, ನನ್ನ ಚೀಲ ಹೊಲಿದವರೂ ಅವರೇ. “ಎರಡೂ ಚೆಂದಾಗವೆ ಬುಡ್ರಪ್ಪ. ಬಟ್ಟೆ ಒಂದೇ, ಹೊಲಿಗೆ ಬೇರೆ,” ಎಂದು ಟೀ ಹೀರಿ ಎದ್ದು ಹೋಗುತ್ತಿದ್ದರು. ಒಂದು ದೀಪಾವಳಿ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದರು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಕೈ ಸ್ವಲ್ಪ ಎತ್ತುವಂತಾಯಿತು, ನಡುಕ ಮಾತ್ರ ನಿಲ್ಲಲಿಲ್ಲ.

ಮಗಳು ಹೇಮಲತೆಯ ಮದುವೆ ಗೊತ್ತಾದಾಗ ಅವರು ಕೋಲೂರಿಕೊಂಡು ಸ್ಟುಡಿಯೊಕ್ಕೆ ಬಂದರು.

“ನಾಗವೇಣಮ್ಮ, ಒಂದು ಮಾತು. ‘ರಂಗಶಾಮ, ನಿನ್ ಕೈಲಾಗಲ್ಲ, ನಿನ್ ತಮ್ಮನ ಕೈಲಿ ಧಾರೆ ಎರೆಸು’ ಅಂತವ್ರೆ ನಮ್ಮೋರೆಲ್ಲ. ನಾನು ಬದುಕಿರೋವಾಗ್ಲೇ ನನ್ ಮಗಳ್ನ ಬೇರೆಯೋರು ಧಾರೆ ಎರ್ಯೋದು ಹೆಂಗವ್ವ? ನಾನೇ ಎರೀತೀನಿ. ಅದೊಂದು ಪೋಟ ಮಾತ್ರ ತಪ್ಪುಸ್ಬೇಡ. ನಾಳೆ ಯಾರೂ ರಂಗಶಾಮ ಎರೀಲಿಲ್ಲ ಅನ್ಬಾರ್ದು.”

“ತಪ್ಸಲ್ಲ ಅಣ್ಣ. ನಾವಿಬ್ರೂ ಇರ್ತೀವಿ, ಒಂದಲ್ಲ ಅಂದ್ರೆ ಇನ್ನೊಂದು,” ಎಂದಳು ನಾಗವೇಣಿ. ನೋಡಿಬಿಡೋಣ, ಈ ಫೋಟೊದಲ್ಲಿ ಆ ಹಸಿರುಪಟ್ಟಿಗೆ ಬುದ್ಧಿ ಕಲಿಸಿಯೇ ಬಿಡುತ್ತೇನೆಂದು ನಾನು ಲೆಕ್ಕ ಹಾಕಿದೆ.

ಮದುವೆ ಒಂದು ಸಣ್ಣ ಛತ್ರದಲ್ಲಿ. ವಿಡಿಯೊದವರನ್ನು ಕರೆದಿರಲಿಲ್ಲ, ನಾವಿಬ್ಬರೇ. ಹತ್ತು ಗಂಟೆಗೆ ಮುಹೂರ್ತ. ವಧೂವರರ ಕೈ ಕೂಡಿಸಿ, ನಡುವೆ ತೆಂಗಿನಕಾಯಿ ಇಟ್ಟರು. ಪುರೋಹಿತರು ಹಾಲಿನ ಗಿಂಡಿ ಮುಂದೆ ಚಾಚಿದರು. ರಂಗಶಾಮಣ್ಣನ ತಮ್ಮ ತೋಳು ಮೇಲೇರಿಸಿಕೊಂಡು ಸಿದ್ಧವಾಗಿಯೇ ನಿಂತಿದ್ದ. “ಸರ್ಕೊಳಪ್ಪ,” ಎಂದು ರಂಗಶಾಮಣ್ಣ ಬಲಗೈಯಲ್ಲೇ ಗಿಂಡಿ ಹಿಡಿದರು. ಗಿಂಡಿ ಗಡಗಡ ನಡುಗಿತು. ಅವರ ಹೆಂಡತಿ ಗಾಬರಿಯಿಂದ ಕೈ ಕೆಳಗೆ ಒಡ್ಡಿದರು. ಗಟ್ಟಿಮೇಳ ಶುರುವಾಯಿತು. ಅಕ್ಷತೆ ಎಸೆಯಲು ಜನ ಮುಗಿಬಿದ್ದು ಬೆಳಕಿಗೆಲ್ಲ ಅಡ್ಡ ನಿಂತರು.

ನಾಗವೇಣಿ ನನ್ನ ಗುಂಡಿ ಒತ್ತಿದಳು. ಜುಯ್... ಜುಯ್... ಒಬ್ಬನ ಭುಜಕ್ಕೆ ಕಣ್ಣು ನೆಟ್ಟೆ, ಬಿಟ್ಟೆ, ಹಾರುವ ಅಕ್ಷತೆಗೆ ನೆಟ್ಟೆ, ಬಿಟ್ಟೆ. ಅತ್ತ ಕಡೆಯಿಂದ ‘ಟಕ್, ಟಕ್, ಟಕ್’ ಕೇಳಿಸಿತು. ನನ್ನ ನೋಟ ನೆಡುವಷ್ಟರಲ್ಲಿ ಹಾಲು ಹರಿದು ಮುಗಿದಿತ್ತು, ಗಿಂಡಿ ಪುರೋಹಿತರ ಕೈ ಸೇರಿತ್ತು. ಆ ಅಪ್ಪ ಬೇಡಿಕೊಂಡ ಫೋಟೊ ನನ್ನಲ್ಲಿ ಇರಲಿಲ್ಲ. ಇದ್ದದ್ದು ಹಸಿರುಪಟ್ಟಿಯ ಹೊಟ್ಟೆಯಲ್ಲಿ ಮಾತ್ರ.

ಸ್ವಲ್ಪ ಹೊತ್ತಿಗೆ ಷಡಕ್ಷರಿಯ ಕಾರ್ಡು ತುಂಬಿತು. ಅದನ್ನು ತೆಗೆದು, “ಅಕ್ಕ, ಇಟ್ಕೊ, ಧಾರೆ ಇದರಾಗೈತೆ,” ಎಂದು ಅವಳ ಅಂಗೈಗೆ ತುರುಕಿ, ಬೇರೆ ಕಾರ್ಡು ಹಾಕಿಕೊಂಡು ಓಡಿದ. ವಾಲಗದ ಸದ್ದಿನಲ್ಲಿ ಅವಳಿಗೆ ಅರ್ಧ ಕೇಳಿಸಿತೋ ಇಲ್ಲವೋ. ಅವಳು ಅದನ್ನು ಚೀಲದ ಸಣ್ಣ ಜೇಬಿಗೆ ಹಾಕಿದಳು. ಆ ಜೇಬಿನಲ್ಲಿ ಅವಳದೇ ಖಾಲಿ ಕಾರ್ಡೊಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿತ್ತು. ಎರಡೂ ಕಪ್ಪು, ಎರಡೂ ಉಗುರಗಲ.

ಊಟದ ಪಂಕ್ತಿ ಏಳುವ ಹೊತ್ತಿಗೆ ಜನರ ಬಾಯಿಗೆ ಕೆಲಸ ಸಿಕ್ಕಿತ್ತು. “ಅವ್ನೆಲ್ಲಿ ಎರೆದ? ಹೆಂಡ್ತಿ ತಾನೆ ಎರೆದಿದ್ದು,” ಎಂದು ನನ್ನ ಹಿಂದೆಯೇ ಯಾರೋ ಅಂದರು. ಕುರ್ಚಿಯಲ್ಲಿ ಕುಳಿತಿದ್ದ ರಂಗಶಾಮಣ್ಣನಿಗೂ ಅದು ಕೇಳಿಸಿತು. ಅವರು ಬಲಗೈಯನ್ನು ಶಲ್ಯದೊಳಗೆ ಮುಚ್ಚಿಕೊಂಡರು.

ಎರಡೂ ಕಡೆಯವರನ್ನು ನಿಲ್ಲಿಸಿ ಗುಂಪು ಫೋಟೊ ತೆಗೆಯಬೇಕು. ನನ್ನ ಕಾರ್ಡು ತುಂಬಿತ್ತು. ನಾಗವೇಣಿ ಅದನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಜೇಬಿಗೆ ಕೈ ಹಾಕಿದಳು. ಬೆರಳಿಗೆ ಮೊದಲು ಸಿಕ್ಕಿದ್ದು ಡಬ್ಬಿಯಿಲ್ಲದ ಕಾರ್ಡು. ಅದನ್ನೇ ನನ್ನೊಳಗೆ ಹಾಕಿ, ರೂಢಿಯಂತೆ ನೋಡುವ ಗುಂಡಿ ಒತ್ತಿದಳು.

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ಆ ಹಸಿರುಪಟ್ಟಿ ಬರೆದದ್ದು ನನಗೆ ಓದಲು ಬರುತ್ತಿರಲಿಲ್ಲ, ನಾನು ಬರೆದದ್ದು ಅದಕ್ಕೂ ಅಷ್ಟೆ. ಆದರೆ ಕಾರ್ಡಿನ ತುಂಬ ಯಾರೋ ಬರೆದಿದ್ದಾರೆ ಎನ್ನುವುದು ನನಗೆ ತಿಳಿಯಿತು. ಅದು ಯಾರೆಂದೂ ತಿಳಿಯಿತು. ತಿಳಿದರೇನು, ಓದಲಾಗದ್ದನ್ನೆಲ್ಲ ನಾನು ಒಂದೇ ಮಾತಿನಲ್ಲಿ ಹೇಳಬೇಕು. ‘ಚಿತ್ರಗಳಿಲ್ಲ’ ಎಂದೆ.

ಅವಳು ಫಾರ್ಮ್ಯಾಟ್ ಒತ್ತಿದಳು. ‘ಎಲ್ಲವೂ ಅಳಿಸಿಹೋಗುತ್ತದೆ, ಸರಿಯೇ?’ ಎಂದು ಕೇಳುವುದು ನನ್ನ ಧರ್ಮ, ಕೇಳಿದೆ. ಅವಳ ಹೆಬ್ಬೆರಳು ಯೋಚನೆ ಮಾಡದೆ ‘ಸರಿ’ ಎಂದಿತು. ಒಂದೇ ಕ್ಷಣದಲ್ಲಿ ಅಳಿಸಿದೆ. ಮತ್ತು ಆ ಒಂದು ಕ್ಷಣ ನನಗೆ ಖುಷಿಯಾಯಿತು. ಹೌದು, ಆಯಿತು. ತೆಗೆದೆಯಲ್ಲ ಟಕ್ ಟಕ್ ಅಂತ, ಈಗ ನೋಡು, ಎಂದುಕೊಂಡೆ.

“ಶಿವಾ,” ಎಂದು ನಾಗವೇಣಿ ನನ್ನನ್ನು ಕಣ್ಣಿಗೊತ್ತಿಕೊಂಡಳು.

ಆಗಲೇ ಕರೆಂಟ್ ಹೋಯಿತು. ಛತ್ರದೊಳಗೆ ಮಬ್ಬು. “ಜನರೇಟರ್ ಹಾಕ್ರಪ್ಪೋ,” ಎಂದು ಯಾರೋ ಕೂಗಿದರು. ಬೀಗರಿಗೆ ಬಸ್ಸಿನ ಆತುರ. “ಹಂಗೇ ಒಂದು ತೆಗ್ದುಬಿಡಿ,” ಎಂದರು. ನಾಗವೇಣಿ ನನ್ನನ್ನು ಎತ್ತಿ ಹಿಡಿದಳು. ನಡುವೆ ಕುರ್ಚಿಯಲ್ಲಿ ರಂಗಶಾಮಣ್ಣ. ಬಿಳಿ ಅಂಗಿ, ಬಿಳಿ ಪಂಚೆ, ಹಿಂದೆ ಬಿಳಿ ಗೋಡೆ. ಅವರು ಷಡಕ್ಷರಿಯನ್ನು ಕರೆದು, “ಷಡಕ್ಷರಪ್ಪ, ಅಷ್ಟ್ರಲ್ಲಿ ಆ ಧಾರೆ ಪೋಟ ಒಂದ್ಸಲ ತೋರ್ಸು. ಇವ್ರಿಗೆಲ್ಲ ತೋರಿಸ್ಬೇಕು,” ಎಂದರು. ಷಡಕ್ಷರಿ ಕಾರ್ಡು ತರಲು ಚೀಲದ ಕಡೆಗೆ ನಡೆದ.

ಆ ಮಾತು ಕೇಳಿದ ಮೇಲೆಯೇ ನನಗೆ ನಾನು ಏನು ಅಳಿಸಿದೆನೆಂದು ಹೊಳೆದದ್ದು. ಅಯ್ಯೋ, ಅಳಿದದ್ದು ಹಸಿರುಪಟ್ಟಿಯ ಗೆಲುವಲ್ಲ, ಈ ಮನುಷ್ಯನ ಕೈ!

ಆದರೆ ಪೂರ್ತಿ ಅಳಿದಿರಲಿಲ್ಲ. ಫಾರ್ಮ್ಯಾಟ್ ಎಂದರೆ ಮನೆಗಳ ವಿಳಾಸದ ಪಟ್ಟಿ ಹರಿದಂತೆ ಅಷ್ಟೆ, ಮನೆಗಳು ಬಿದ್ದಿರುವುದಿಲ್ಲ. ಹೊಸ ಚಿತ್ರ ಬಂದು ಹಳೆಯದರ ಮೇಲೆ ಕೂತರೆ ಮಾತ್ರ ಕಥೆ ಮುಗಿಯುತ್ತದೆ. ಎಷ್ಟು ಚಿತ್ರ ಬಂದರೆ ಯಾವುದು ಹೋಗುತ್ತದೆ ಎಂದು ಹೇಳಲಾಗದು. ಒಂದು ‘ಟಕ್’ ಸಾಕಾಗಬಹುದು.

ನಾಗವೇಣಿ ಒತ್ತಿದಳು. ಜುಯ್... ಜುಯ್... ಮತ್ತೆ ಒತ್ತಿದಳು. ಬಿಳಿಯ ಮೇಲೆ ಬಿಳಿ, ಅದೂ ಮಬ್ಬಿನಲ್ಲಿ. ಲೆನ್ಸು ಮುಂದೆ ಹೋಯಿತು, ಹಿಂದೆ ಬಂತು. ಬೇಕೆಂದೇ ತಡಬಡಾಯಿಸಿದೆನೋ, ಕತ್ತಲಿಗೆ ತಡಬಡಾಯಿಸಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. “ಥೂ, ಇದರ ಮನೆ ಹಾಳಾಗ,” ಎಂದು ಬೈದು ಮೂರನೆಯ ಸಲ ಒತ್ತಿದಳು. ನಾಲ್ಕನೆಯ ಸಲ. ಬೆಳಗ್ಗೆ ಇದೇ ಕೊರತೆಗೆ ಸತ್ತಂತಾಗಿದ್ದ ನಾನು ಈಗ, ಶಿವನೇ, ಇನ್ನೊಂದಿಷ್ಟು ಹೊತ್ತು ಕುರುಡಾಗಿರಲಿ ಎಂದು ಬೇಡಿಕೊಂಡೆ.

ಅವಳು ಬುದ್ಧಿವಂತೆ. ಲೆನ್ಸಿನ ಪಕ್ಕದಲ್ಲೊಂದು ಗುಬುಟು ಇದೆ. ಅದನ್ನು ಜಾರಿಸಿದರೆ ನನ್ನ ನೋಟದ ಹಂಗೇ ಇಲ್ಲ, ಕೈಯಿಂದ ತಿರುಗಿಸಿ ಹೊಡೆಯಬಹುದು. ಅವಳ ಹೆಬ್ಬೆರಳು ಅದರ ಮೇಲೆ ಬಂತು. ಜಾರಿಸಿದಳು. ಇನ್ನು ನನ್ನ ಕೈಯಲ್ಲಿ ಏನೂ ಇರಲಿಲ್ಲ.

“ಅಕ್ಕಾ! ಒತ್ಬೇಡ! ಒತ್ಬೇಡ ಕಣೇ!”

ಷಡಕ್ಷರಿ ಕುರ್ಚಿಗಳನ್ನು ಎಡವುತ್ತಾ ಓಡಿ ಬಂದ. ಕೈಯಲ್ಲಿ ಆ ಪ್ಲಾಸ್ಟಿಕ್ ಡಬ್ಬಿ. “ನನ್ ಕಾರ್ಡ್ ಎಲ್ಲಿ? ಡಬ್ಬಿದು ಇಲ್ಲೇ ಐತೆ. ನೀನು ಹಾಕಿರೋದು ಯಾವ್ದು?”

“ಖಾಲಿದು ಕಣೋ. ಚಿತ್ರ ಇಲ್ಲ ಅಂತು. ಫಾರ್ಮ್ಯಾಟ್...” ಎಂದವಳು ಗುಂಡಿಯ ಮೇಲಿಂದ ಬೆರಳು ತೆಗೆದಳು.

“ಆಮೇಲೆ ಒಂದಾದ್ರೂ ಹೊಡ್ದ?”

“ಇಲ್ಲ. ಫೋಕಸ್ಸೇ ಆಗ್ಲಿಲ್ಲ.”

ಷಡಕ್ಷರಿ ನನ್ನನ್ನು ಕಿತ್ತುಕೊಂಡು ಕಾರ್ಡು ತೆಗೆದ. ಆಮೇಲೆ ನೆಲದ ಮೇಲೆಯೇ ಕುಳಿತ. “ಹಂಗಾದ್ರೆ ಇನ್ನೂ ಜೀವ ಐತೆ,” ಎಂದ.

ಬೇರೆ ಯಾರಾದರೂ ಆಗಿದ್ದರೆ ಏನೋ ಒಂದು ನೆಪ ಹೇಳುತ್ತಿದ್ದರು. ನಾಗವೇಣಿ ನೆಟ್ಟಗೆ ಹೋಗಿ ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. “ರಂಗಶಾಮಣ್ಣ, ನನ್ನಿಂದ ತಪ್ಪಾಗೈತೆ. ಧಾರೆ ಫೋಟೊ ಅಳಿಸ್ಬಿಟ್ಟೆ. ಹುಡುಕ್ತೀವಿ. ಸಿಗುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ.” ಅವರು ಶಲ್ಯವನ್ನು ಬಲಗೈಯ ಮೇಲೆ ಇನ್ನಷ್ಟು ಎಳೆದುಕೊಂಡರು.

ಮಧ್ಯಾಹ್ನ ಮಗಳನ್ನು ಕಳಿಸಿಕೊಟ್ಟ ರಂಗಶಾಮಣ್ಣ ಹೆಂಡತಿಯ ಜೊತೆ ಸೀದಾ ಸ್ಟುಡಿಯೊಕ್ಕೆ ಬಂದರು. ಷಡಕ್ಷರಿ ಕಂಪ್ಯೂಟರಿನಲ್ಲಿ ಅಳಿದದ್ದನ್ನು ಹೆಕ್ಕುವ ಸಾಫ್ಟ್‌ವೇರ್ ಹಾಕಿದ್ದ. ಪರದೆಯ ಮೇಲೆ ಒಂದು ಗೆರೆ ಹುಳದಂತೆ ತೆವಳುತ್ತಿತ್ತು. ನನ್ನನ್ನೂ ಹಸಿರುಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದರು. ಯಾರೂ ಟೀ ಕೇಳಲಿಲ್ಲ. ಮೊದಲು ಬಂದದ್ದು ಚಪ್ಪರದ ಫೋಟೊ, ಅರ್ಧಕ್ಕೇ ಬೂದಿ ಬಣ್ಣ. ವಿಳಾಸದ ಪಟ್ಟಿ ಇಲ್ಲದೆ ಚದುರಿದ ತುಣುಕುಗಳು ಪೂರ್ತಿ ಕೂಡಿರಲಿಲ್ಲ. ಆಮೇಲೆ ಕಳಶ, ವಾಲಗದವರು. ಧಾರೆಯ ಮೊದಲ ಫೋಟೊ ಬಂತು, ತಲೆಗಳಷ್ಟೇ ಇದ್ದವು, ಕೆಳಗೆಲ್ಲ ಬೂದಿ. ನಾಗವೇಣಿ ಸೆರಗು ಬಾಯಿಗೆ ಒತ್ತಿಕೊಂಡಳು. ಎರಡನೆಯದೂ ಹಾಗೇ. ಹಸಿರುಪಟ್ಟಿ ತೆಗೆದ ಧಾರೆಯ ಫೋಟೊ ಮೂರೇ.

ಮೂರನೆಯದು ಮೇಲಿನಿಂದ ಕೆಳಗೆ ನಿಧಾನವಾಗಿ ಬಿಚ್ಚಿಕೊಂಡಿತು. ಪೇಟ, ಬಾಸಿಂಗ, ಮಗಳ ಬಾಗಿದ ಮುಖ, ಗಿಂಡಿ, ಹಾಲು, ಕಾಯಿ. ಪೂರ್ತಿ ಬಂತು. ಗಿಂಡಿ ಹಿಡಿದಿದ್ದದ್ದು ರಂಗಶಾಮಣ್ಣನ ಕೈಯೊಂದೇ. ಹೆಂಡತಿಯ ಕೈ ಒಂದು ಗೇಣು ಕೆಳಗೆ ಬರಿದಾಗಿ ಕಾದಿತ್ತು, ಮುಟ್ಟಿರಲೇ ಇಲ್ಲ. ಎಲ್ಲವೂ ಚೊಕ್ಕವಾಗಿತ್ತು, ಆ ಕೈಯೊಂದು ಮಾತ್ರ ಕದಡಿದಂತಿತ್ತು.

“ಕೈ ಅಲ್ಲಾಡ್ಬಿಟ್ಟೈತಣ್ಣ,” ಎಂದ ಷಡಕ್ಷರಿ ಅಳುಕುತ್ತ.

ರಂಗಶಾಮಣ್ಣ ಪರದೆಯ ಹತ್ತಿರ ಮುಖ ತಂದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಇರ್ಲಿ ಬುಡಪ್ಪ. ನಡುಕ ಇಲ್ದಿದ್ರೆ ಅದು ನನ್ ಕೈ ಅಂತ ಯಾರ್ ನಂಬೋರು?” ಎಂದರು.

ಹದಿನೈದು ದಿನ ಕಳೆದು ಅವರು ಯಂತ್ರದ ಮೇಲಿನ ಬಟ್ಟೆ ತೆಗೆದರು. ಕಾರ್ಡು ಇಡಲು ಎರಡು ಪುಟ್ಟ ಚೀಲ ಹೊಲಿದು ತಂದರು, ಒಂದು ನೀಲಿ, ಒಂದು ಹಸಿರು. ಹೊಲಿಗೆ ಹಾವಿನಂತೆ ಓಡಿತ್ತು. ಅವತ್ತಿನಿಂದ ನಮ್ಮ ಕಾರ್ಡುಗಳು ಬೆರೆಯಲಿಲ್ಲ. ಅಕ್ಕ ತಮ್ಮ ಯಾವ ಕ್ಯಾಮೆರಾ ಮೇಲೆಂದು ಜಗಳವಾಡುವುದನ್ನೂ ಬಿಟ್ಟರು.

ಈಗ ನನಗೆ ವಯಸ್ಸಾಯಿತು. ಮೈಯ ರಬ್ಬರು ಅಂಟಂಟಾಗಿದೆ, ಲೆನ್ಸಿನೊಳಗೆ ಬೂಷ್ಟು. ಅವರಿಬ್ಬರ ಕೈಗೆ ಹೊಸ ಕ್ಯಾಮೆರಾಗಳು ಬಂದಿವೆ, ಕತ್ತಲಲ್ಲೂ ಕಣ್ಣು ಕಾಣುವಂಥವು. ನಾನು ಮತ್ತು ಹಸಿರುಪಟ್ಟಿ ಸ್ಟುಡಿಯೊದ ಗಾಜಿನ ಬೀರುವಿನಲ್ಲಿ ಅಕ್ಕಪಕ್ಕ ಕುಳಿತಿದ್ದೇವೆ. ಎದುರಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಆ ಧಾರೆಯ ಫೋಟೊ. ಪಾಸ್‌ಪೋರ್ಟ್ ಫೋಟೊಗೆ ಬಂದವರು ಯಾರಾದರೂ ನಮ್ಮನ್ನು ನೋಡಿ, ಇವೆರಡರಲ್ಲಿ ಯಾವುದು ಚೆನ್ನಾಗಿತ್ತು ಎಂದು ಕೇಳಿದರೆ, ನಾಗವೇಣಿ ನನ್ನ ತಲೆಯ ಧೂಳು ಒರೆಸುತ್ತ, “ಆ ಫೋಟೊ ತೆಗ್ದಿದ್ದು ಅದು, ಉಳಿಸಿದ್ದು ಇದು,” ಎನ್ನುತ್ತಾಳೆ.

ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಅಳಿಸಿದ ಆ ಕ್ಷಣ ನಾನು ಖುಷಿಪಟ್ಟದ್ದು ಅವಳಿಗೆ ಗೊತ್ತಿಲ್ಲ. ಪಕ್ಕದಲ್ಲಿ ಕುಳಿತಿರುವ ಹಸಿರುಪಟ್ಟಿಗೆ ಗೊತ್ತಿರಬೇಕು. ಇಷ್ಟು ವರ್ಷವಾದರೂ ಅದು ಒಂದು ಮಾತೂ ಆಡಿಲ್ಲ.